ದಾನಮ್ಮ ಭಂಡಾರ ಎತ್ತಿದ ಐತವಾರ

ನನ್ನ ಬಾಯಿ ಕೆಟ್ಟದ್ದು ಎಂದು ಮುಂಬಯಿ ಹತ್ತಿರದ ಈ ಶಹಾಡ್ ಸ್ಟೇಷನ್ನಿನ ಆಚೆ ಈಚೆ ಎಲ್ಲರಿಗೂ ಗೊತ್ತು. ಇರಲಿ ಬಿಡಿ. ಸಿಹಿ ಬಾಯಿ ಇಟ್ಟುಕೊಂಡು ಖಾನಾವಳಿ ನಡೆಸಲು ಆಗುತ್ತದೆಯೇ? ಬೆಳಗಾದರೆ ಜೋಳದ ರೊಟ್ಟಿ ಬಡಿದು, ಕಾರ್ಖಾನೆಯವರಿಗೆ, ಚೀಲ ಹೊರುವವರಿಗೆ, ಬಿಲ್ಡಿಂಗ್ ಕೆಲಸದವರಿಗೆ ಡಬ್ಬಿ ಕಟ್ಟಿ ಕೊಡುವ ಚಂದ್ರಬಾಯಿ ನಾನು. ಗಂಡ ತೀರಿಕೊಂಡಾಗ ಎಲ್ಲರೂ ಜೇವರ್ಗಿ ಕಡೆ ಊರಿಗೆ ಹೋಗು ಎಂದರು. ಹೋಗಲಿಲ್ಲ. ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನ ಗಂಡಸರೆಲ್ಲ ನನ್ನ ಬೈಗುಳ ತಿಂದು, ಅದರ ಮೇಲೆ ರೊಟ್ಟಿ ತಿಂದು ಬದುಕಿದವರೇ. ಅಂಥ ನನಗೂ ಆ ಶನಿವಾರ ಬಾಯಿ ಕಟ್ಟಿಹೋಯಿತು.

ಬಾಗಿಲಲ್ಲಿ ರುದ್ರವ್ವ ನಿಂತಿದ್ದಳು. ದಾನಮ್ಮನ ಗಂಡ ಅಂಬರೀಶನ ತಾಯಿ. ರಾಯಚೂರು ಕಡೆಯಿಂದ ಹಿಂದಿನ ದಿನವಷ್ಟೇ ಬಂದಿಳಿದಿದ್ದಳು.

"ನಾಳಿ ಹಿರ್ಯಾರ ದೈವ ಕೂಡ್ತದ," ಎಂದಳು. "ಸೋಮವಾರ ಗಾಡಿಗಿ ನನ್ನ ಮೊಮ್ಮಗಳ್ನ ಕರ್ಕೊಂಡು ಹೋಗ್ತೀನಿ. ಟಿಕೀಟ್ ಆಗ್ಯಾದ. ನಿನ್ನ ಹುಚ್ಚಿನ್ನ ನೀನೇ ಇಟ್ಕೋ."

ಅವಳು ಹುಚ್ಚಿ ಎಂದದ್ದು ತನ್ನ ಸೊಸೆ ದಾನಮ್ಮನನ್ನು. ನಮ್ಮೂರ ಹುಡುಗಿ, ನಮ್ಮ ಮನೆಯ ಮಗ್ಗುಲಿನ ಮನೆಯವಳು, ನನ್ನನ್ನು ದೊಡ್ಡವ್ವ ಎಂದು ಕರೆಯುವವಳು. ದೀಪಾವಳಿ ಕಳೆದಾಗಿನಿಂದ ನನ್ನ ಖೋಲಿಯಲ್ಲೇ ಇದ್ದಳು, ಮಗಳು ಭಾಗ್ಯಾಳನ್ನು ಕಟ್ಟಿಕೊಂಡು. ಭಾಗ್ಯಾಳಿಗೆ ಇನ್ನೂ ಐದು ತುಂಬಿರಲಿಲ್ಲ.

ಅಂಬರೀಶ ವಾಶಿಯ ಮಾರ್ಕೆಟ್ಟಿನಲ್ಲಿ ಹಮಾಲ. ವಾರವೆಲ್ಲ ಅಲ್ಲೇ ಮಲಗಿ ಶನಿವಾರ ಚಾಳಿಗೆ ಬರುತ್ತಿದ್ದ. ಬಂದಾಗೊಮ್ಮೆ ಹೊಡೆಯುತ್ತಿದ್ದ. ಸಾರು ಉಪ್ಪಾಯಿತು, ಪಕ್ಕದವನ ಹತ್ತಿರ ನಕ್ಕಳು, ಹೆಣ್ಣು ಹೆತ್ತಳು, ಏನೋ ಒಂದು. ಹೊಡೆಯುವುದೂ ತಲೆಗೇ. ಮುಖದ ಮೇಲೆ ಗಾಯವಾದರೆ ನಳದ ಹತ್ತಿರ ಹೆಂಗಸರು ಕೇಳುತ್ತಾರಲ್ಲ, ತಲೆಯಾದರೆ ಕೂದಲು ಮುಚ್ಚಿಕೊಳ್ಳುತ್ತದೆ. ಭಾಡ್ಯಾ! ದೀಪಾವಳಿಯ ಹೊತ್ತಿಗೆ ಜುಟ್ಟು ಹಿಡಿದು ಬಟ್ಟೆ ಒಗೆಯುವ ಮೋರಿಯ ಕಲ್ಲಿಗೆ ಅವಳ ತಲೆ ಬಡಿದ. ದವಾಖಾನೆಗೆ ಒಯ್ಯುವ ದಾರಿಯಲ್ಲಿ ಅವಳೇ ನನ್ನ ಕಿವಿಯಲ್ಲಿ ಹೇಳಿದ್ದು ಇದು. ದವಾಖಾನೆಯಲ್ಲಿ ಅವನು ಮಾತ್ರ, ಬಟ್ಟೆ ಒಗೆಯುವಾಗ ಜಾರಿ ಬಿದ್ದಳು ಎಂದು ಹೇಳಿ ಅತ್ತ. ಅವನು ಅಳುವುದನ್ನು ನಾನೇ ಕಣ್ಣಾರೆ ಕಂಡೆ.

ದವಾಖಾನೆಯಿಂದ ತಿರುಗಿ ಬಂದ ದಾನಮ್ಮ ಬೇರೆಯೇ ಆಗಿದ್ದಳು. ಉಪ್ಪು ತಾ ಎಂದರೆ ಬಾಗಿಲ ತನಕ ಹೋಗಿ ನಿಂತುಬಿಡುವಳು. ಬಿಸಿಲು ಕಂಡರೆ ಕಣ್ಣು ಮುಚ್ಚಿಕೊಂಡು ನರಳುವಳು. ಮಾತು ಗಂಟಲ ತನಕ ಬಂದು ಅಲ್ಲೇ ನಿಲ್ಲುವುದು. ಹಾಲು ಉಕ್ಕಿ ಸ್ಟೋವ್ ಆರಿ ಹೋಗಿ ಖೋಲಿ ತುಂಬ ಸೀಮೆಎಣ್ಣೆ ವಾಸನೆ ಹರಡಿದರೂ ಎದುರಿಗೇ ಕೂತಿರುವಳು. ಒಮ್ಮೆ ಸುಮ್ಮನೆ ಸಿಟ್ಟಿಗೆದ್ದು ನನ್ನ ಹಿಟ್ಟಿನ ಡಬ್ಬಿಯನ್ನೇ ಚೆಲ್ಲಿದಳು. ಆಮೇಲೆ ಅದನ್ನು ಬಳಿಯುತ್ತ ಅತ್ತಳು. ನಾನೂ ಬೈದೆ, ಬೈದು ನಾನೂ ಅತ್ತೆ.

ನಮ್ಮ ಜನ ಏನೆಂದರು? ಗಾಳಿ ಹಿಡಿದಿದೆ ಎಂದರು. ದೇವಿ ಮರಗಮ್ಮ ಕಾಡುತ್ತಿದ್ದಾಳೆ ಎಂದರು. ಹಬ್ಬದಲ್ಲಿ ಅಮ್ಮನ ಮಡಿಲು ತುಂಬದೆ ಬಂದಳಂತೆ, ಅದಕ್ಕೇ ಅಂತೆ. ರುದ್ರವ್ವ ಊರಿನಿಂದ ಹೇಳಿ ಕಳಿಸಿದಳೆಂದು ಅಂಬರೀಶ ಒಬ್ಬ ಬೇವು ಬಡಿಯುವವನನ್ನು ಕರೆದು ತಂದ. ಆ ಮನುಷ್ಯ ದಾನಮ್ಮನನ್ನು ಹೊಗೆಯ ಮುಂದೆ ಕೂರಿಸಿ, ಬೇವಿನ ಕಡ್ಡಿಗಳ ಬರಲು ಕಟ್ಟಿ, ಬಿಟ್ಟು ಹೋಗು ಬಿಟ್ಟು ಹೋಗು ಎಂದು ತಲೆಯ ಮೇಲೇ ಬಡಿದ. ಪೆಟ್ಟು ತಿಂದ ತಲೆಗೆ ಮತ್ತೆ ಪೆಟ್ಟು! ನಾನು ರೊಟ್ಟಿಯ ಹಂಚು ಹಿಡಿದು ಒಳಗೆ ನುಗ್ಗಿದೆ. ಬೇವಿನವನು ಚಪ್ಪಲಿ ಬಿಟ್ಟೇ ಓಡಿದ. ಅವತ್ತೇ ದಾನಮ್ಮನನ್ನೂ ಕೂಸನ್ನೂ ನನ್ನ ಖೋಲಿಗೆ ತಂದುಕೊಂಡೆ.

ಆಮೇಲೆ ಸಿಕ್ಕಿದವಳು ಪೂನಂ. ಡೊಂಬಿವಲಿಯ ಒಂದು ಮಹಿಳಾ ಮಂಡಳದಲ್ಲಿ ಕೆಲಸ ಮಾಡುವ ಹುಡುಗಿ. ಅಪ್ಪ ಬಿಜಾಪುರದವನಾದರೂ ಇವಳು ಹುಟ್ಟಿದ್ದು ಇಲ್ಲೇ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿ ಬಿಟ್ಟರೆ ಮಾತ್ರ ಹಿಂದಿ. ದಾನಮ್ಮನನ್ನು ಠಾಣೆಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತಲೆಯ ಫೋಟೋ ತೆಗೆಸಿದವಳು ಅವಳೇ.

"ಮೌಸಿ, ಯೇ ಪಾಗಲ್‌ಪನ್ ನಹೀಂ ಹೈ," ಎಂದಳು ಬರುವಾಗ, ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ನಿಂತು. "ದಿಮಾಗ್ ಕೋ ಮಾರ್ ಲಗಾ ಹೈ."

ಇದು ಹುಚ್ಚಲ್ಲ, ಮೆದುಳಿಗೆ ಪೆಟ್ಟಾಗಿದೆ, ಒಂದಲ್ಲ, ವರ್ಷಗಟ್ಟಲೆ ಬಿದ್ದ ಪೆಟ್ಟು. ಕಾಲು ಮುರಿದವಳನ್ನು ಓಡು ಎನ್ನುವುದಿಲ್ಲವಲ್ಲ, ಇವಳನ್ನೂ ಅವಸರ ಮಾಡಬೇಡಿ ಎಂದಳು. ಒಂದು ಸಲಕ್ಕೆ ಒಂದೇ ಮಾತು ಕೇಳಿ. ಗದ್ದಲ ಬೇಡ. ಬಿಸಿಲು ಬೇಡ. ಮರೆತಳೆಂದು ಬೈಯಬೇಡಿ. ಕೊನೆಯದನ್ನು ಹೇಳುವಾಗ ನನ್ನ ಮುಖವನ್ನೇ ನೋಡಿದಳು. ನೋಡಲಿ, ನನಗೇನು! ಆದರೂ ಅವತ್ತಿನಿಂದ ನಾನು ನಾಲಿಗೆ ಕಚ್ಚಿಕೊಂಡೇ ಬದುಕಿದೆ. ಸ್ಟೋವ್ ನಾನೇ ಹಚ್ಚುತ್ತಿದ್ದೆ, ರೊಟ್ಟಿ ಅವಳು ಬಡಿಯುತ್ತಿದ್ದಳು. ಮಾತು ಮರೆತರೂ ಕೈಗೆ ರೊಟ್ಟಿ ಮರೆತಿರಲಿಲ್ಲ. ಭಾಗ್ಯಾ ಪಕ್ಕದಲ್ಲಿ ಕೂತು ಒಣ ಹಿಟ್ಟು ಉದುರಿಸಿ ಕೊಡುತ್ತಿದ್ದಳು. ಆ ಕೂಸು ಪಕ್ಕದಲ್ಲಿದ್ದರೆ ದಾನಮ್ಮನ ಮುಖದಲ್ಲಿ ನಮ್ಮೂರ ಹಳೆಯ ಹುಡುಗಿ ಕಾಣುತ್ತಿದ್ದಳು.

ಈಗ ಆ ಕೂಸನ್ನೇ ಕಿತ್ತುಕೊಂಡು ಹೋಗುತ್ತೇನೆ ಎನ್ನುತ್ತಿದ್ದಳು ರುದ್ರವ್ವ.

ದೈವ ಎಂದರೆ ನಮ್ಮ ಕಡೆಯ ಹಿರಿಯರು ಕೂಡುವ ಕೂಟ. ಚಾಳಿನ ತುದಿಯಲ್ಲಿ ಮರಗಮ್ಮನ ಪುಟ್ಟ ಗುಡಿ ಇದೆ, ಅದರ ಮುಂದೆ ಕೂಡುತ್ತಾರೆ. ಮುಖ್ಯ ಹಿರಿಯ ಬಸಲಿಂಗಪ್ಪ, ವಾಶಿಗೆ ಹಮಾಲರ ಟೋಳಿ ಕಳಿಸುವ ಮುಕಾದಮ. ಅವನ ಮಾತು ಮೀರಿದವನಿಗೆ ಮರುದಿನ ಕೆಲಸವಿಲ್ಲ, ಚಾಳಿನಲ್ಲಿ ನೀರೂ ಇಲ್ಲ. ಪೂನಂ ಪೊಲೀಸ್ ಚೌಕಿಗೆ ಹೋಗೋಣ ಎಂದಳು. ಅವಳ ಕಂಪ್ಲೇಂಟು ಹತ್ತಿ ಇಳಿಯುವ ಹೊತ್ತಿಗೆ ಸೋಮವಾರದ ಗಾಡಿ ಸೋಲಾಪುರ ದಾಟಿರುತ್ತದೆ. ದೈವ ಒಮ್ಮೆ ಕೂಸು ತಂದೆಯದು ಎಂದರೆ ಮುಗಿಯಿತು, ಆ ಊರಿಗೆ ಹೋಗಿ ಹುಡುಗಿಯನ್ನು ತರುವವರು ಯಾರು?

ದೈವದಲ್ಲಿ ಅವರವರ ಮಾತು ಅವರೇ ಹೇಳಬೇಕು, ಅದಕ್ಕೂ ಒಂದು ಪದ್ಧತಿ. ಅಮ್ಮನ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ, ಬಲಗೈಯಲ್ಲಿ ಹಿಡಿದು, ಕೈ ತಲೆಗಿಂತ ಮೇಲೆ ಎತ್ತಿ, ಮರಗಮ್ಮನ ಆಣೆ ಮಾಡಿ ಹೇಳಬೇಕು. ಹಿರಿಯರು ಮೂರು ಸಲ ಕೇಳುತ್ತಾರೆ. ಮೂರು ಸಲವೂ ಅದೇ ಮಾತು ಬರಬೇಕು. ಬದಲಾದರೆ ಸುಳ್ಳು. ಯಾವ ಪುಣ್ಯಾತ್ಮ ಮಾಡಿದ ಪದ್ಧತಿಯೋ! ಮಾತು ನೆನಪಿನಲ್ಲಿ ನಿಲ್ಲದ ಹುಡುಗಿಯನ್ನು ಕೊಲ್ಲುವುದಕ್ಕೇ ಮಾಡಿಟ್ಟ ಹಾಗಿತ್ತು.

ಆ ಸಂಜೆ ದಾನಮ್ಮನನ್ನು ಎದುರಿಗೆ ಕೂರಿಸಿಕೊಂಡೆ.

"ಒಂದೇ ಮಾತು ಹೇಳು ಮಗಳ. ನನ್ನ ಗಂಡ ನನ್ನ ತಲಿ ಕಲ್ಲಿಗಿ ಬಡದ. ಇಷ್ಟೇ."

"ನನ್ನ ಗಂಡ," ಎಂದಳು. ನಿಂತಳು. "ಕಲ್ಲಿಗಿ... ದೊಡ್ಡವ್ವ, ನಾಳಿ ಏನದ?"

"ದೈವ ಅದ."

"ಯಾಕ?"

"ಭಾಗ್ಯಾನ್ನ ಒಯ್ತೀನಂತಾರ."

ಅವಳ ಕಣ್ಣು ಅಗಲವಾದವು. ಎದ್ದು ಹೋಗಿ ಮಲಗಿದ್ದ ಮಗಳನ್ನು ಎಬ್ಬಿಸಿ ತೊಡೆಯ ಮೇಲೆ ಹಾಕಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ನಾಳಿ ಏನದ?" ಎಂದಳು. ಪ್ರತಿ ಸಲ ನಾನು ಹೇಳಿದಾಗಲೂ ಅವಳ ಎದೆ ಮೊದಲ ಸಲದಂತೆಯೇ ಒಡೆಯುತ್ತಿತ್ತು. ಕೊನೆಗೆ ನನಗೇ ತಡೆಯಲಾಗದೆ ಸುಳ್ಳು ಹೇಳಿದೆ. ಏನೂ ಇಲ್ಲ ಮಗಳ, ಮಲಕೋ ಎಂದೆ.

ಮರುದಿನ ಊಟದ ಹೊತ್ತು ಕಳೆದು ದೈವ ಕೂಡಿತು. ಏಪ್ರಿಲ್ ಬಿಸಿಲು, ತಗಡಿನ ಛಾವಣಿ ಕಾದು ಕೂತಿತ್ತು. ಗಂಡಸರು ಚಾಪೆಯ ಮೇಲೆ, ಹೆಂಗಸರು ಮೋರಿಯ ದಂಡೆಗೆ. ಪೂನಂ ಬಂದಿದ್ದಳು, ಹೊರಗಿನವರು ಮಾತಾಡಬಾರದೆಂದು ಗೋಡೆಗೆ ನಿಲ್ಲಿಸಿದ್ದರು. ಅಂಬರೀಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದ. ಎಲ್ಲರ ಕಾಲು ಮುಟ್ಟಿದ. ನನ್ನ ಕಾಲನ್ನೂ ಮುಟ್ಟಲು ಬಂದ, ನಾನು ಕಾಲು ಎಳೆದುಕೊಂಡೆ. ರುದ್ರವ್ವ ಭಾಗ್ಯಾಳನ್ನು ನಮ್ಮ ಪಕ್ಕದಿಂದ ಎತ್ತಿಕೊಂಡು ಹೋಗಿ, ತೊಡೆಯ ಮೇಲೆ ಕೂರಿಸಿಕೊಂಡು ಗ್ಲುಕೋಸ್ ಬಿಸ್ಕೀಟ್ ತಿನ್ನಿಸುತ್ತಿದ್ದಳು. ಆಗಲೇ ಒಯ್ದಾಯಿತು ಎಂಬಂತೆ.

"ದಾನಮ್ಮ, ಮುಂದ ಬಾ," ಎಂದ ಬಸಲಿಂಗಪ್ಪ.

"ಮುಕಾದಮ್ರ, ನೆರಳಾಗ ಕೂಡಸ್ರಿ ಆಕಿನ್ನ," ಎಂದೆ. "ಬಿಸಿಲು ಆಗಲ್ಲ ತಲಿಗಿ. ಒಬ್ಬೊಬ್ಬರೇ ಕೇಳ್ರಿ, ಸಾವಕಾಶ ಕೇಳ್ರಿ."

"ದೈವಕ್ಕ ಪದ್ಧತಿ ಅಂತ ಒಂದದ ಚಂದ್ರಬಾಯಿ," ಎಂದ ಪಕ್ಕದ ಹಿರಿಯ ಹಣಮಂತ್ರಾಯ. "ಗುಡಿ ಮುಂದ ನಿಂತು, ಸೆರಗು ಸರಿಸಿ, ಮುಖ ತೋರಿಸಿ ಹೇಳಬೇಕು."

ಅವಳು ಬಿಸಿಲಿಗೆ ಬಂದು ನಿಂತಳು. ಕಣ್ಣು ಕಿರಿದಾದವು. ಪೂಜಾರಿ ಅವಳ ಅಂಗೈಗೆ ಭಂಡಾರ ಸುರಿದ. ಕೈ ನಾನೇ ಎತ್ತಿಸಿ ಹಿಂದೆ ಸರಿದೆ.

"ನಿನ್ನ ತಲಿಗಿ ಏನಾಯ್ತು?" ಎಂದ ಬಸಲಿಂಗಪ್ಪ.

ದಾನಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಕಸಾರಾ ಕಡೆಯ ಗಾಡಿ ಹಾರ್ನ್ ಹಾಕುತ್ತ ದಾಟಿತು. ಅವಳು ಮೈ ಹಿಡಿ ಮಾಡಿಕೊಂಡಳು. ಗಾಡಿ ಹೋದ ಮೇಲೂ ಮಾತು ಬರಲಿಲ್ಲ. ನಾನು ಮನಸ್ಸಿನಲ್ಲೇ ಅವಳ ಬದಲು ಹೇಳುತ್ತಿದ್ದೆ, ನನ್ನ ಗಂಡ, ನನ್ನ ಗಂಡ, ನನ್ನ ಗಂಡ.

"ಮೋರಿ," ಎಂದಳು ದಾನಮ್ಮ. "ಮೋರಿ ಕಲ್ಲು... ಕಲ್ಲು ಬಡೀತು."

"ಕೇಳಿದ್ರ್ಯಾ!" ಎಂದಳು ರುದ್ರವ್ವ. "ನನ್ನ ಮಗ ಹೇಳಿದ್ದೂ ಇದೇ. ಮೋರ್ಯಾಗ ಜಾರಿ ಬಿದ್ದಾಳ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಎರಡನೇ ಸಲ ಕೇಳಿದರು. ಗೋಡೆ ಎಂದಳು. ಆಮೇಲೆ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು, ತಪ್ಪಿತೆಂದು ಅವಳಿಗೇ ಗೊತ್ತಾಗಿತ್ತು, ಕಣ್ಣಲ್ಲಿ ನೀರು ತುಂಬಿತು. ಮೂರನೇ ಸಲ ಕೇಳಿದಾಗ ಕೈ ಇಳಿಸಿ, ಅಂಗೈಯ ಹಳದಿ ನೋಡಿ, ನನ್ನ ಕಡೆ ತಿರುಗಿ, "ದೊಡ್ಡವ್ವ, ಇದು ಏನು?" ಎಂದಳು.

ಯಾರೋ ನಕ್ಕರು.

ನಾನು ಗುಂಪಿನ ಕಡೆ ತಿರುಗಿದೆ. "ಯಾವನವ ನಕ್ಕಾವ? ಎದ್ದು ನಿಂದ್ರು! ನಾಳಿಂದ ನನ್ನ ಖಾನಾವಳಿ ಕಡಿ ಹಾದೀನೂ ತುಳೀಬ್ಯಾಡ. ರೊಟ್ಟಿ ಅಲ್ಲ, ರೊಟ್ಟಿ ಚೂರೂ ಸಿಗಂಗಿಲ್ಲ. ಪೆಟ್ಟು ತಿಂದ ತಲಿರೀ ಅದು, ಠಾಣಾದಾಗ ಫೋಟೋ ತೆಗಸೀವಿ. ಆಕಿಗಿ ನೆನಪು ನಿಲ್ಲಲ್ಲ. ನಿಲ್ಲದಂಗ ಮಾಡಿದಾವ ಅಲ್ಲಿ ಬಿಳಿ ಅಂಗಿ ಹಾಕ್ಕೊಂಡು ಕುಂತಾನ!"

"ಚಂದ್ರಬಾಯಿ, ಬಾಯಿ ಹಿಡಿ," ಎಂದ ಬಸಲಿಂಗಪ್ಪ. ಜೋರಾಗಿ ಅನ್ನಲಿಲ್ಲ, ಅದೇ ನನಗೆ ಹೆದರಿಕೆಯಾಯಿತು. "ಆಕಿ ಹುಚ್ಚಿನೋ, ಪೆಟ್ಟು ತಿಂದಾಕಿನೋ, ನನಗ ತಿಳಿಯಂಗಿಲ್ಲ. ಒಂದು ಹೇಳು. ಸ್ಟೋ ಮರೀತಾಳ, ನಿಂತಲ್ಲೇ ನಿಲ್ತಾಳ. ಇಂಥಾಕಿ ಕೈಯಾಗ ಕೂಸು ಹ್ಯಾಂಗ ಬಿಡಾದು?"

"ನಾ ಇದ್ದೀನಲ್ರೀ."

"ನೀ ಎಷ್ಟು ದಿನ ಇರ್ತಿ?"

ಪೂನಂ ಗೋಡೆಯ ಹತ್ತಿರದಿಂದ ಏನೋ ಹೇಳಲು ಬಂದಳು, ನಾಲ್ಕು ಗಂಡಸರು ಒಟ್ಟಿಗೆ ಕೈ ಮಾಡಿ ನಿಲ್ಲಿಸಿದರು. ದಾನಮ್ಮ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಅಂಬರೀಶ ಎದ್ದ. ಮೆಲ್ಲಗೆ, ಸಭ್ಯನಂತೆ ಮಾತಾಡಿದ.

"ಹಿರಿಯರ, ನಾ ಆಕಿಗಿ ಬಿಡ್ತೀನಿ ಅಂತಿಲ್ಲ. ಔಷಧ ಮಾಡಸ್ತೀನಿ. ಕೂಸಿನ ಜೀವದ ಚಿಂತಿ ನನಗ. ನಮ್ಮವ್ವನ ಹತ್ರ ನಾಕು ದಿನ ಇರಲಿ ಅಂತ ಅಷ್ಟೇ."

ಹಣಮಂತ್ರಾಯ ತಲೆದೂಗಿದ. ಗಂಡಸರು ತಲೆದೂಗಿದರು. ಮೋರಿಯ ದಂಡೆಯಲ್ಲಿದ್ದ ಹೆಂಗಸರಲ್ಲೂ ಕೆಲವರು ತಲೆದೂಗಿದರು. ನನಗೆ ಗೊತ್ತಿಲ್ಲದಿದ್ದರೆ ನಾನೂ ನಂಬುತ್ತಿದ್ದೆನೇನೋ! ಹೋಯಿತು, ಕೂಸು ಹೋಯಿತು ಎಂದುಕೊಂಡೆ.

"ಸರಿ," ಎಂದ ಬಸಲಿಂಗಪ್ಪ. "ಪದ್ಧತಿ ಪ್ರಕಾರ ನೀನೂ ಎತ್ತು. ಎತ್ತಿ ಹೇಳು, ದೈವ ತನ್ನ ಮಾತು ಹೇಳ್ತದ."

ಅಂಬರೀಶ ಗುಡಿಯ ಮುಂದೆ ಬಂದು ದಾನಮ್ಮ ಕೂತಿದ್ದ ಮಗ್ಗುಲಲ್ಲೇ ನಿಂತ. ಪೂಜಾರಿ ಭಂಡಾರ ಸುರಿದ. ಅಂಬರೀಶ ಮುಷ್ಟಿ ಬಿಗಿ ಹಿಡಿದು ಬಲಗೈ ಮೇಲೆತ್ತಿದ.

ಬಿಸ್ಕೀಟ್ ನೆಲಕ್ಕೆ ಬಿತ್ತು. ರುದ್ರವ್ವನ ತೊಡೆಯ ಮೇಲಿಂದ ಭಾಗ್ಯಾ ಜಾರಿ, ಗಂಡಸರ ನಡುವೆ ನುಗ್ಗಿ ಓಡಿ ಬಂದಳು. ಬಂದವಳೇ ದಾನಮ್ಮನ ನೆತ್ತಿಯ ಮೇಲೆ ತನ್ನ ಎರಡೂ ಅಂಗೈ ಇಟ್ಟು ಮುಚ್ಚಿದಳು. ತನ್ನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಅಪ್ಪಾ, ತಲಿಗಿ ಬ್ಯಾಡ," ಎಂದಳು. "ತಲಿಗಿ ಬ್ಯಾಡಪ್ಪಾ."

ದಾನಮ್ಮ ಆಗಲೇ ಬಾಗಿ ಹಣೆ ನೆಲಕ್ಕೆ ಹಚ್ಚಿದ್ದಳು. ಏನಾಯಿತೆಂದು ಹೇಳಲು ಬಾರದಿದ್ದವಳ ಮೈ, ಆ ಕೈ ಮೇಲೆದ್ದ ಕೂಡಲೇ ತಾನಾಗಿ ಬಾಗಿತ್ತು. ಅವಳ ಬೆನ್ನ ಮೇಲೆ ಆ ಕೂಸು, ಕೂಸಿನ ಚಿಕ್ಕ ಕೈಗಳಡಿಯಲ್ಲಿ ಆ ತಲೆ. ಎರಡು ಕೈ ಸಾಲದೆಂದು ಅತ್ತ ಇತ್ತ ಸರಿಸಿ ಸರಿಸಿ ಮುಚ್ಚುತ್ತಿದ್ದಳು.

ಮೋರಿಯಲ್ಲಿ ನಳ ಸೋರುವುದು ಕೇಳುತ್ತಿತ್ತು. ಅಂಬರೀಶನ ಕೈ ಮೇಲೆಯೇ ಇತ್ತು, ಬೆರಳ ಸಂದಿಯಿಂದ ಹಳದಿ ಪುಡಿ ಅವನ ಬಿಳಿ ಅಂಗಿಯ ತೋಳಿನ ಮೇಲೆ ಉದುರುತ್ತಿತ್ತು.

"ಕಲಿಸ್ಯಾಳ!" ಎಂದು ಕಿರುಚಿದಳು ರುದ್ರವ್ವ. "ಆ ರೊಟ್ಟಿ ಬಡಿಯಾಕಿ ಕಲಿಸ್ಯಾಳ ಕೂಸಿಗಿ!"

ಬೈಯುವುದು ಬಿಟ್ಟು ನಾನು ಕೂಸನ್ನೇ ನೋಡುತ್ತಿದ್ದೆ.

"ಕೈ ಇಳಸು," ಎಂದ ಬಸಲಿಂಗಪ್ಪ.

"ಮುಕಾದಮ್ರ, ನಾ ಇನ್ನಾ ಹೇಳೇ ಇಲ್ಲ..."

"ಕೈ ಇಳಸು ಅಂದೆ. ಕೂಸು ಅಂಜ್ಯಾದ."

ಅಂಬರೀಶ ಕೈ ಇಳಿಸಿದ. ಕೂಸು ಮಾತ್ರ ಅಂಗೈ ತೆಗೆಯಲಿಲ್ಲ. ಹಣಮಂತ್ರಾಯ ಮೆಲ್ಲಗೆ, "ಅಂವ ಆಣಿ ಮಾಡಿಲ್ಲಲ್ಲ ಇನ್ನಾ, ಪದ್ಧತಿ..." ಎಂದ. ಬಸಲಿಂಗಪ್ಪ ಅವನ ಕಡೆ ನೋಡದೆ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕೂಸು ತಾಯಿ ಹತ್ರ ಇರಲಿ," ಎಂದ ಕೊನೆಗೆ. "ಚಂದ್ರಬಾಯಿ ಖೋಲ್ಯಾಗ ಇರಲಿ. ಚಾಳಿನ ಹೆಣ್ಣುಮಕ್ಕಳು ಒಂದು ಕಣ್ಣಿಟ್ಟಿರ್ರಿ. ಅಂಬರೀಶ, ಮಗಳ್ನ ನೋಡಬೇಕಂದ್ರ ಇಲ್ಲೇ ಗುಡಿ ಮುಂದ, ನಮ್ಮ ಎದುರಿಗಿ ನೋಡು. ಆ ಖೋಲಿ ಹೊಸ್ತಿಲ ತುಳಿದ್ರ ನನ್ನ ಟೋಳ್ಯಾಗ ನಿನಗ ಜಾಗ ಇಲ್ಲ."

ಅಷ್ಟೇ. ನೀನು ಹೊಡೆದೆ ಎಂದು ಯಾರೂ ಅನ್ನಲಿಲ್ಲ. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ. ಅಷ್ಟು ಜನ ಮೀಸೆ ಹೊತ್ತವರು ಕೂತಿದ್ದರು, ಒಬ್ಬನಿಗಾದರೂ ನಾಲಿಗೆ ಏಳಬಾರದಿತ್ತೇ? ಪೂನಂ ಮಾತ್ರ, "ಮೌಸಿ, ಅಭೀ ಇತನಾ ಹೀ ಸಹೀ," ಸದ್ಯಕ್ಕೆ ಇಷ್ಟಾದರೂ ಆಯಿತಲ್ಲ ಎಂದು ನನ್ನ ಕೈ ಹಿಡಿದಳು. ಚೌಕಿಗೆ ಹೋಗುವುದನ್ನು ಬಿಡುವುದಿಲ್ಲ ಎಂದಳು. ಬಿಡಲಿಲ್ಲ, ಇನ್ನೂ ಓಡಾಡುತ್ತಿದ್ದಾಳೆ.

ಭಾಗ್ಯಾಳ ಕೈಗಳನ್ನು ತಾಯಿಯ ತಲೆಯಿಂದ ಬಿಡಿಸಲು ನನಗೆ ಸಾಕುಬೇಕಾಯಿತು. ಅಪ್ಪ ಹೋದ, ಹೋದ ನೋಡು ಎಂದು ಗಲ್ಲಿಯ ತಿರುವಿನ ತನಕ ತೋರಿಸಿದ ಮೇಲೆಯೇ ಬಿಟ್ಟಳು. ರುದ್ರವ್ವ ಸೋಮವಾರದ ಗಾಡಿಗೆ ಒಬ್ಬಳೇ ಹೋದಳಂತೆ.

ದೈವ ಮುಗಿದ ಆ ರಾತ್ರಿಯೇ ನಾನು ಹೋಳಿಗೆ ಮಾಡಿದೆ, ಚಾಳಿಗೆಲ್ಲ ಹಂಚಿದೆ, ನಕ್ಕವನೊಬ್ಬನನ್ನು ಬಿಟ್ಟು. ದಾನಮ್ಮ ಉಂಡಳು, ನಕ್ಕಳು, ಮಗಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದಳು. ಗೆದ್ದೆವು ಎಂದುಕೊಂಡು ನಾನೂ ಮಲಗಿದೆ.

ಬೆಳಗ್ಗೆ ಸ್ಟೋವ್‌ಗೆ ಪಂಪು ಹೊಡೆಯುತ್ತಿದ್ದೆ. ಹಿಂದೆ ಸಪ್ಪಳವಾಯಿತು. ತಿರುಗಿ ನೋಡಿದರೆ ದಾನಮ್ಮ ಗೋಡೆಗೆ ಒತ್ತಿ ಕೂತಿದ್ದಾಳೆ, ಭಾಗ್ಯಾಳನ್ನು ಎದೆಗೆ ಅವುಚಿಕೊಂಡು, ಮುಖ ಬಿಳಿಚಿದೆ.

"ದೊಡ್ಡವ್ವ, ದೈವ ಇವತ್ತಲ್ಲೇನು? ಒಯ್ತಾರೇನು ಇಕಿನ್ನ?"

ಹೆದರಿಕೆ ಮಾತ್ರ ಅವಳ ತಲೆಯಲ್ಲಿ ಉಳಿದಿತ್ತು. ಗೆದ್ದದ್ದು ಉಳಿದಿರಲಿಲ್ಲ. ನಾನು ಪಂಪು ಬಿಟ್ಟು ಅಲ್ಲೇ ಕೂತೆ, ಮೊದಲಿನಿಂದ ಹೇಳಿದೆ. ಅವಳು ಕೇಳಿ ಕೇಳಿ ಅತ್ತಳು, ಕೈ ಮುಗಿದಳು. ಮರುದಿನ ಮತ್ತೆ ಅದೇ. ಅದರ ಮರುದಿನವೂ ಅದೇ.

ಗಿರಾಕಿಗೆ ಬೆಲೆಯನ್ನು ಎರಡನೇ ಸಲ ಹೇಳಬೇಕಾದರೆ ಬೈಯುವವಳು ನಾನು. ಆದರೆ ಇದನ್ನು ದಿನಾ ಹೇಳುತ್ತೇನೆ, ಸಾವಕಾಶ ಹೇಳುತ್ತೇನೆ. ಮಳೆಗಾಲ ಬಂದ ಮೇಲೆ ಒಂದು ದಿನ ನಾನು ಎದ್ದದ್ದು ತಡವಾಯಿತು. ಕಣ್ಣು ಬಿಡುವಷ್ಟರಲ್ಲಿ ದಾನಮ್ಮನ ದನಿ ನಡುಗುತ್ತಿತ್ತು. ನಾನು ಏಳುವ ಮೊದಲೇ ಭಾಗ್ಯಾ ಹೇಳುತ್ತಿದ್ದಳು.

"ದೈವ ಮುಗೀತವ್ವ. ನಾ ನಿನ್ನ ಹತ್ರಾನೇ ಇರಾದು."

"ಖರೇನಾ?"

"ಖರೇ. ನಾಳೀನೂ ಕೇಳು, ಹೇಳ್ತೀನಿ."

ದಾನಮ್ಮ ಮಗಳ ಮುಖ ಸವರಿ ಎದ್ದಳು, ಹಿಟ್ಟಿನ ಡಬ್ಬಿ ಎಳೆದುಕೊಂಡಳು. ನಾನು ಚಾದರ ಮುಖಕ್ಕೆ ಎಳೆದುಕೊಂಡು ಒಂದಷ್ಟು ಅತ್ತು, ಆಮೇಲೆ ಸ್ಟೋವ್ ಹಚ್ಚಿದೆ.